ಗೆದ್ದದ್ದು ಸಾರಥಿಯೋ, ಕುದುರೆಯೋ?

ರೋಮಿನ ರಥದ ಓಟವನ್ನು ಇಂದಿನ ಕಾರ್ ರೇಸಿನ ಪಕ್ಕದಲ್ಲಿಟ್ಟು ನೋಡುವವರು ಮೊದಲು ಎತ್ತುವುದು ವೇಗದ ಮಾತು. ನನಗೆ ಎರಡರ ನಂಟು ಕಾಣುವುದು ತಿರುವಿನಲ್ಲಿ.

ರೋಮಿನ ರಥದ ಓಟದಂಗಳ ಸರ್ಕಸ್ ಮ್ಯಾಕ್ಸಿಮಸ್ 600 ಮೀಟರಿಗೂ ಮಿಕ್ಕಿ ಉದ್ದವಿತ್ತು. ನಡುಗಟ್ಟೆಯನ್ನು ಎಡಕ್ಕಿಟ್ಟುಕೊಂಡು 7 ಸುತ್ತು ಓಡಬೇಕು. ನಾಲ್ಕು ಕುದುರೆಗಳಲ್ಲಿ ನೊಗ ಬೀಳುವುದು ನಡುವಿನ ಎರಡಕ್ಕೆ ಮಾತ್ರ, ಅಂಚಿನವಕ್ಕೆ ಬರೀ ಮಿಣಿ. ಕಟ್ಟೆಯ ತುದಿಯ ಕಂಬದ ಬಳಿ ಎಡದಂಚಿನ ಕುದುರೆ ನಿಧಾನಿಸಿ ಬಿಗಿಯಾಗಿ ತಿರುಗಬೇಕು, ಬಲದಂಚಿನದು ಅಷ್ಟೇ ಹೊತ್ತಿನಲ್ಲಿ ದೊಡ್ಡ ಸುತ್ತು ಹಾಕಬೇಕು. ಎಡದ್ದು ಬೆದರಿತೋ, ಓಟ ಮುಗಿಯಿತು. ಅಂಡಾಕಾರದ ಟ್ರ್ಯಾಕಿನಲ್ಲಿ ಎಡಕ್ಕೇ ತಿರುಗುವ, ಅಮೆರಿಕದ ಇಂಡಿಕಾರ್, ನ್ಯಾಸ್ಕಾರ್ ರೇಸುಗಳ ಕಾರುಗಳಿಗೆ ಬಲಗಡೆಯ ಹಿಂದಿನ ಟೈರು ಸುತ್ತಳತೆಯಲ್ಲಿ ತುಸು ದೊಡ್ಡದಿರುವುದೂ ಇದೇ ಲೆಕ್ಕಕ್ಕೆ. ಕಂಬಕ್ಕೆ ತೀರಾ ಒತ್ತಿದರೆ ಚಕ್ರ ತಾಗುತ್ತದೆ, ಬಿಟ್ಟರೆ ಒಳಗಿನಿಂದ ಇನ್ನೊಬ್ಬ ನುಗ್ಗುತ್ತಾನೆ. ರಥ ನುಚ್ಚುನೂರಾದರೆ ರೋಮನ್ನರು ಅದನ್ನು ‘ನೌಫ್ರಾಗಿಯಂ’ ಎನ್ನುತ್ತಿದ್ದರು, ಹಡಗೊಡೆದಂತೆ!

ಬಿದ್ದ ಮೇಲೆ ಮಾತ್ರ ಎಲ್ಲ ತಿರುವುಮುರುವು. ಇಂದಿನ ಚಾಲಕನನ್ನು ಉಳಿಸುವುದು ಅವನನ್ನು ಬಿಗಿದ ಬೆಲ್ಟು. ರೋಮಿನ ಸಾರಥಿಯನ್ನು ಕೊಲ್ಲುತ್ತಿದ್ದುದೇ ಕಟ್ಟು. ಮೈಭಾರ ಹಾಕಿ ಎಳೆಯಲೆಂದು ಲಗಾಮುಗಳನ್ನು ಸೊಂಟಕ್ಕೆ ಸುತ್ತಿಕೊಂಡಿರುತ್ತಿದ್ದ, ಉರುಳಿದರೆ ಕುದುರೆಗಳು ದರದರ ಎಳೆದೊಯ್ಯುತ್ತಿದ್ದವು. ಲಗಾಮು ಕತ್ತರಿಸಲು ಒಂದು ಚೂರಿ, ತಲೆಗೆ ಚರ್ಮದ ಟೋಪಿ, ಎದೆಗೆ ಚರ್ಮದ ಪಟ್ಟಿ. ಅಷ್ಟೇ ರಕ್ಷಣೆ.

ಹೊರಡುವ ಬಗೆಯೂ ಬೇರೆ. 12 ಬಾಗಿಲುಗಳನ್ನು ಕಮಾನಿನಂತೆ ಬಾಗಿಸಿ ಕಟ್ಟಿದ್ದರು, ಯಾರಿಗೂ ದೂರ ಹೆಚ್ಚಾಗದಿರಲಿ ಎಂದು. ಯಾವ ಬಾಗಿಲು ಯಾರಿಗೆ ಎಂಬುದಕ್ಕೆ ಚೀಟಿ. ಫಾರ್ಮುಲಾ ಒನ್‌ನಲ್ಲಿ ಮುಂದಿನ ಜಾಗವನ್ನು ಅರ್ಹತಾ ಸುತ್ತಿನಲ್ಲಿ ದುಡಿದೇ ಪಡೆಯಬೇಕು.

ಅಭಿಮಾನಿಗಳು ಮಾತ್ರ ಬದಲಾಗಿಲ್ಲ. ಕೆಂಪು, ಬಿಳಿ, ನೀಲಿ, ಹಸಿರು ಎಂಬ ನಾಲ್ಕು ಬಣಗಳು. ಜನ ಪ್ರೀತಿಸುವುದು ಬಟ್ಟೆಯನ್ನು, ಓಟದ ನಡುವೆಯೇ ಬಣ್ಣ ಅದಲುಬದಲಾದರೆ ಒಲವೂ ಬದಲಾಗುತ್ತದೆ ಎಂದು ರೋಮನ್ ಲೇಖಕ ಕಿರಿಯ ಪ್ಲಿನಿ ಗೊಣಗಿದ್ದ. ಸಾರಥಿಗಳೋ ತಂಡ ಬದಲಿಸುತ್ತಲೇ ಇದ್ದರು. ಬಿಳಿಯಲ್ಲಿ ಆರಂಭಿಸಿದ ಡಯೋಕ್ಲಿಸ್ ಹಸಿರಿಗೆ ಹೋಗಿ ಕೊನೆಗೆ ಕೆಂಪಿನಲ್ಲಿ ನಿಂತ. 24 ವರ್ಷ, 4,257 ಓಟ, 1,462 ಗೆಲುವು. ಅವನ ಶಾಸನ ಗೆಲುವಿನ ಬಗೆಯನ್ನೂ ಬಿಡಿಸಿ ಹೇಳುತ್ತದೆ: ಆರಂಭದಿಂದಲೇ ಮುಂದಿದ್ದು ಗೆದ್ದದ್ದು 815, ಕೊನೆಯಲ್ಲಿ ಕಸಿದುಕೊಂಡದ್ದು 502. ಇಂದಿನ ರೇಸ್ ಅಂಕಿಅಂಶದ ಪುಟಕ್ಕೆ ಅದನ್ನು ಹಾಗೇ ಅಂಟಿಸಬಹುದು.

ಗೆದ್ದದ್ದು ಕಾರೋ ಚಾಲಕನೋ ಎಂಬ ಜಗಳ ಮೋಟಾರ್ ರೇಸಿನಲ್ಲಿ ಇಂದಿಗೂ ಹರಿದಿಲ್ಲ. ಪೂರ್ವ ರೋಮನ್ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನವರು (ಇಂದಿನ ಇಸ್ತಾಂಬುಲ್) ಅದಕ್ಕೊಂದು ದಾರಿ ಕಂಡುಕೊಂಡಿದ್ದರು, ಹೆಸರು ‘ಡಿವೆರ್ಸಿಯಂ’. ಗೆದ್ದವನು ಸೋತವನ ಕುದುರೆಗಳನ್ನು ಹಿಡಿಯಬೇಕು, ತನ್ನವನ್ನು ಅವನಿಗೆ ಒಪ್ಪಿಸಬೇಕು, ಮತ್ತೆ ಓಡಬೇಕು. ಹಾಗೆ ಓಡಿಯೂ ಗೆದ್ದ ಸಾರಥಿ ಪೋರ್ಫಿರಿಯಸ್‌ಗೆ ಓಟದಂಗಳದ ನಡುಗಟ್ಟೆಯ ಮೇಲೆ ಪ್ರತಿಮೆಗಳನ್ನು ನಿಲ್ಲಿಸಿದರು. ಅವುಗಳಲ್ಲಿ ಎರಡರ ಪೀಠಗಳು ಇಸ್ತಾಂಬುಲ್‌ನ ಪುರಾತತ್ವ ಸಂಗ್ರಹಾಲಯದಲ್ಲಿವೆ.