ವೆಬ್‌ವ್ಯೂ ಬೆಳ್ಳಗಾದರೆ ಎಲ್ಲಿಂದ ಹುಡುಕುವುದು?

ಶಿವಮೊಗ್ಗದ ಕೆಲವು ಅಡಿಕೆ ಮಂಡಿಗಳಿಗೆ ನಾನು ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇನೆ. ಹೊರಗಿನ ಚೌಕಟ್ಟೆಲ್ಲ ಡಬ್ಲ್ಯುಪಿಎಫ್, ಅಂದರೆ ವಿಂಡೋಸ್ ಆಪ್‌ನ ಕಿಟಕಿ, ಬಟನ್ ಕಟ್ಟುವ ಮೈಕ್ರೋಸಾಫ್ಟ್‌ನ ಸಾಧನ. ರಾಶಿ, ಬೆಟ್ಟೆ, ಗೊರಬಲು ಅಂತ ಸಾಲುಸಾಲಾಗಿ ಬರುವ ರೈತರ ಲೆಕ್ಕದ ಚೀಟಿ ಮಾತ್ರ ಎಚ್‌ಟಿಎಂಎಲ್. ಮೊದಲು ಅದನ್ನು ತೋರಿಸುತ್ತಿದ್ದದ್ದು ಆಪ್‌ನೊಳಗೆ ವೆಬ್ ಪುಟ ತೋರಿಸುವ ಹಳೆಯ ವೆಬ್‌ಬ್ರೌಸರ್ ಕಂಟ್ರೋಲ್. ವಿಂಡೋಸ್ ತನ್ನ ಸೆಟ್ಟಿಂಗ್ ಇಡುವ ರಿಜಿಸ್ಟ್ರಿಯಲ್ಲಿ 11001 (ಎಕ್ಸ್‌ಪ್ಲೋರರ್ 11ರಂತೆ ನಡೆದುಕೋ ಅನ್ನುವ ಸಂಖ್ಯೆ) ಅಂತ ಬರೆಯದಿದ್ದರೆ ಅದು ಇಂಟರ್ನೆಟ್ ಎಕ್ಸ್‌ಪ್ಲೋರರ್ 7ರ ಕಾಲದಲ್ಲೇ ಕೂತಿರುತ್ತದೆ. ಎಡ್ಜ್ ಬ್ರೌಸರಿನ ಎಂಜಿನನ್ನೇ ಆಪ್‌ನೊಳಗೆ ಕೂರಿಸುವ ವೆಬ್‌ವ್ಯೂ2ಗೆ ಬಂದ ಮೇಲೆ ಆ ಕಾಟ ತಪ್ಪಿತು.

ಶುರುವಾದದ್ದು ಬೇರೆ ಕಾಟ. ನನ್ನ ಲ್ಯಾಪ್‌ಟಾಪಿನಲ್ಲಿ ಚೀಟಿ ಚೆನ್ನಾಗಿಯೇ ಕಾಣುತ್ತದೆ, ಮಂಡಿಯ ಕಂಪ್ಯೂಟರಿನಲ್ಲಿ ಆ ಜಾಗ ಬರೀ ಬಿಳಿ. "ಸುಣ್ಣ ಬಳಿದಂಗಿದೆ ಸಾರ್" ಅಂದರು ಗುಮಾಸ್ತರು.

ಇಂಥಲ್ಲಿ ಜಾವಾಸ್ಕ್ರಿಪ್ಟನ್ನು ಬೈಯುವುದು ಸುಲಭ. ನಾನು ಮೊದಲು ನೋಡುವುದು ಒಳಗಿನ ಬ್ರೌಸರ್ ಹುಟ್ಟಿತೋ ಇಲ್ಲವೋ ಅಂತ. ಇನಿಶಿಯಲೈಸೇಶನ್ ಕಂಪ್ಲೀಟೆಡ್ ಅನ್ನುವ ಈವೆಂಟ್‌ನಲ್ಲಿ ಎಕ್ಸೆಪ್ಶನ್, ಅಂದರೆ ಏನು ತಪ್ಪಿತು ಅನ್ನುವ ವಿವರ, ಸಿಗುತ್ತದೆ. ಅದನ್ನು ಲಾಗ್‌ಗೆ ಬರೆಸಿದರೆ ಅರ್ಧ ಕೆಲಸ ಆಯಿತು. ಇಲ್ಲಿ ಸಿಕ್ಕಿದ್ದು "ಆಕ್ಸೆಸ್ ಡಿನೈಡ್". ವೆಬ್‌ವ್ಯೂ2 ತನ್ನ ಕುಕಿ, ಕ್ಯಾಶ್ ಎಲ್ಲ ಇಡಲು ಒಂದು ಯೂಸರ್ ಡೇಟಾ ಫೋಲ್ಡರ್ ಮಾಡಿಕೊಳ್ಳುತ್ತದೆ. ಎಲ್ಲಿ ಅಂತ ನಾವು ಹೇಳದಿದ್ದರೆ ಎಕ್ಸ್‌ಇ ಫೈಲಿನ ಪಕ್ಕದಲ್ಲೇ. ನನ್ನ ಪ್ರಾಜೆಕ್ಟ್ ಫೋಲ್ಡರಿನಲ್ಲಿ ಅದಕ್ಕೆ ಅಡ್ಡಿಯಿಲ್ಲ. ಮಂಡಿಯಲ್ಲಿ ಎಕ್ಸ್‌ಇ ಇರುವುದು ಪ್ರೋಗ್ರಾಂ ಫೈಲ್ಸ್‌ನಲ್ಲಿ, ಗುಮಾಸ್ತರ ಲಾಗಿನ್‌ಗೆ ಅಲ್ಲಿ ಬರೆಯುವ ಹಕ್ಕಿಲ್ಲ. ಫೋಲ್ಡರನ್ನು ಆ ಲಾಗಿನ್‌ಗೆ ಬರೆಯುವ ಹಕ್ಕಿರುವ ಲೋಕಲ್ ಆಪ್‌ಡೇಟಾಗೆ ಬದಲಿಸಿದೆ, ಚೀಟಿ ಬಂತು.

ಬಂತು, ಆದರೆ ಪ್ರಿಂಟ್ ಬಟನ್ ಸತ್ತಿತ್ತು. ಗ್ರಾಹಕರಿಗೆ ಕೊಡುವ ಬಿಲ್ಡ್‌ನಲ್ಲಿ ಪುಟದ ಒಳಗಿನ ದೋಷ ತೋರಿಸುವ ಡೆವ್‌ಟೂಲ್ಸ್ ಮುಚ್ಚಿರುತ್ತೇನೆ, ಅದನ್ನು ತೆರೆಯುವ ಎಫ್12 ಒತ್ತಿ ಪ್ರಯೋಜನವಿಲ್ಲ. ಅದಕ್ಕೂ ದಾರಿಯಿದೆ. ವೆಬ್‌ವ್ಯೂ2ಗೆ ಹೆಚ್ಚುವರಿ ಬ್ರೌಸರ್ ಆರ್ಗ್ಯುಮೆಂಟ್ ಕೊಡುವ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ರಿಮೋಟ್ ಡಿಬಗ್ಗಿಂಗ್ ಪೋರ್ಟ್ (ಪುಟವನ್ನು ಆಪ್‌ನ ಹೊರಗಿನಿಂದ ಪರೀಕ್ಷಿಸುವ ಬಾಗಿಲು) 9222 ಅಂತ ಹಾಕಿ, ಆಪ್ ಮುಚ್ಚಿ ತೆರೆದು, ಎಡ್ಜ್‌ನ ಇನ್‌ಸ್ಪೆಕ್ಟ್ ಪುಟಕ್ಕೆ ಹೋದರೆ ನಮ್ಮ ಚೀಟಿ ಅಲ್ಲಿ ಪಟ್ಟಿಯಲ್ಲಿರುತ್ತದೆ. ಕನ್ಸೋಲ್ ತುಂಬ ಸಿಒಆರ್‌ಎಸ್ ದೋಷಗಳ ಕೆಂಪು; ಪುಟ ಬೇರೆ ಮೂಲದ ಫೈಲನ್ನು ಯಾವಾಗ ಓದಬಹುದು ಅನ್ನುವ ಬ್ರೌಸರಿನ ನಿಯಮ ಅದು. ನನ್ನಲ್ಲಿ ಪುಟ ಲೋಕಲ್‌ಹೋಸ್ಟ್‌ನಿಂದ (ನನ್ನದೇ ಲ್ಯಾಪ್‌ಟಾಪಿನ ವೆಬ್ ಸರ್ವರಿನಿಂದ) ಬರುತ್ತದೆ, ಮಂಡಿಯಲ್ಲಿ ನೇರ ಡಿಸ್ಕ್‌ನ ಫೈಲಿನಿಂದ. ಹಾಗೆ ಫೈಲಿನಿಂದ ತೆರೆದ ಪುಟದಲ್ಲಿ ಎಡ್ಜ್‌ನ ಎಂಜಿನ್ ಆದ ಕ್ರೋಮಿಯಂ ಜಾವಾಸ್ಕ್ರಿಪ್ಟ್ ಮಾಡ್ಯೂಲ್‌ಗಳನ್ನು ಲೋಡ್ ಮಾಡುವುದೇ ಇಲ್ಲ. ಫೋಲ್ಡರಿಗೊಂದು ವರ್ಚುವಲ್ ಹೋಸ್ಟ್ ಹೆಸರು ಕೊಟ್ಟು ಎಚ್‌ಟಿಟಿಪಿಎಸ್ ವಿಳಾಸದಿಂದಲೇ ತೆರೆಸಿದ ಮೇಲೆ ಪ್ರಿಂಟರ್ ಗುರ್‌ಗುಟ್ಟಿತು.

ಹೊರಡುವ ಮುಂಚೆ ಆ ವೇರಿಯಬಲ್ ಅಳಿಸಲೇಬೇಕು. 9222 ತೆರೆದೇ ಇದ್ದರೆ ಆ ಕಂಪ್ಯೂಟರಿನ ಯಾವ ಪ್ರೋಗ್ರಾಮ್ ಬೇಕಾದರೂ ಅದಕ್ಕೆ ಸೇರಿಕೊಂಡು ರೈತರ ಲೆಕ್ಕ ಓದಬಹುದು.