ಆರು ಕೋಟಿ ದಿನದ ಕೂಲಿ

ನಮ್ಮ ಗಣಿತದ ಸಿಸ್ಟರೇ ಧರ್ಮೋಪದೇಶದ ಕ್ಲಾಸನ್ನೂ ತೆಗೆದುಕೊಳ್ಳುತ್ತಿದ್ದರು. ಹಾಗಾಗಿ ಕ್ಷಮೆಯನ್ನೂ ಲೆಕ್ಕ ಹಾಕಿಯೇ ಕಲಿಸಿದರು.

1999. ವಿರಾಜಪೇಟೆಯಲ್ಲಿ ನಾನು ಒಂಬತ್ತನೇ ಕ್ಲಾಸು. ಅವತ್ತಿನ ಪಾಠ ಬೈಬಲ್ಲಿನ ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯ. ರಾಜನಿಗೆ ಹತ್ತು ಸಾವಿರ ತಲಾಂತು ಕೊಡಬೇಕಿದ್ದ ಸೇವಕ ಕಾಲಿಗೆ ಬೀಳುತ್ತಾನೆ. ರಾಜ ಸಾಲ ಪೂರ್ತಿ ಬಿಟ್ಟುಬಿಡುತ್ತಾನೆ. ಹೊರಗೆ ಬಂದವನೇ ಆ ಸೇವಕ, ತನಗೆ ನೂರು ದಿನಾರಿ ಬಾಕಿ ಇದ್ದ ಜೊತೆಗಾರನ ಕುತ್ತಿಗೆ ಹಿಡಿಯುತ್ತಾನೆ. ಎಲ್ಲರಿಗೂ ಗೊತ್ತಿದ್ದ ಕಥೆ. ಸಿಸ್ಟರ್ ಬೋರ್ಡಿನಲ್ಲಿ ಬರೆದರು: ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ, ಒಂದು ತಲಾಂತು ಸುಮಾರು 6,000 ದಿನಾರಿ. "ಗುಣಿಸಿ ನೋಡೋಣ."

ಎಸ್ಟೇಟಿನ ಲೈನ್‌ಮನೆಯಿಂದ ಬರುತ್ತಿದ್ದ ಹುಡುಗನೇ ಮೊದಲು ಎದ್ದು ನಿಂತ. ದಿನಗೂಲಿ ಅಂದರೇನು ಅಂತ ಅವನಿಗೆ ಗೊತ್ತಿತ್ತಲ್ಲ. "ಆರು ಕೋಟಿ ದಿನ ಸಿಸ್ಟರ್! ಭಾನುವಾರವೂ ದುಡಿದರೆ ಒಂದು ಲಕ್ಷದ ಅರವತ್ತು ಸಾವಿರ ವರ್ಷಕ್ಕೂ ಜಾಸ್ತಿ!" ಕ್ಲಾಸೆಲ್ಲ ನಗು. ಸಿಸ್ಟರ್ ನಗಲಿಲ್ಲ. ನೂರು ದಿನಾರಿಯ ಕೆಳಗೆ ಗೆರೆ ಎಳೆದರು. "ಇದೂ ಸಣ್ಣದಲ್ಲ. ಮೂರು ತಿಂಗಳ ಕೂಲಿ ಬರದಿದ್ದರೆ ಮನೆಯಲ್ಲಿ ಒಲೆ ಉರಿಯುತ್ತಾ?"

ನನಗೆ ಹಿಡಿಸಿದ್ದು ಇದೇ. 'ಹೋಗ್ಲಿ ಬಿಡು, ಏನಾಯ್ತೀಗ' ಅಂತ ಅವರು ಸುಮ್ನೆ ಹೇಳಿದವರಲ್ಲ.

ಆ ವರ್ಷ ನಮ್ಮ ಒಳ್ಳೆಮೆಣಸನ್ನು ಪರಿಚಯದವರೊಬ್ಬರು ಸಾಲದ ಮೇಲೆ ಒಯ್ದು ಕೈ ಎತ್ತಿದ್ದರು. ಪ್ರಾರ್ಥನೆಯಲ್ಲಿ 'ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ' ಅನ್ನುವ ಸಾಲು ಬಂದಾಗ ಅಪ್ಪನ ದನಿ ತಗ್ಗುತ್ತಿತ್ತು. ಸಿಸ್ಟರನ್ನು ಕೇಳಿದೆ: "ಕ್ಷಮಿಸಿದರೆ ದುಡ್ಡು ಕೇಳಬಾರದಾ?"

"ಕೇಳಿ ಮಗಾ. ಅವನು ಹಾಳಾಗಲಿ ಅಂತ ಮಾತ್ರ ಬೇಡಿಕೊಳ್ಳಬೇಡಿ."

ಆಮೇಲೆ ಒಡಿಶಾದಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಆಸ್ಟ್ರೇಲಿಯಾದ ಗ್ಲಾಡಿಸ್ ಸ್ಟೇನ್ಸ್ ವಿಷಯ ತೆಗೆದರು. ಅದೇ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಕೆಯ ಗಂಡ ಗ್ರಹಾಂ ಮತ್ತು ಇಬ್ಬರು ಗಂಡುಮಕ್ಕಳನ್ನು ಜೀಪಿನಲ್ಲೇ ಸುಟ್ಟು ಕೊಂದಿದ್ದರು. ಕೊಂದವರನ್ನು ಕ್ಷಮಿಸಿದ್ದೇನೆ ಅಂದರು ಆಕೆ. ಕಾನೂನು ತನ್ನ ಕೆಲಸ ಮಾಡಿಕೊಂಡು ಹೋಯಿತು. ಆಕೆ ಕುಷ್ಠರೋಗಿಗಳ ಸೇವೆ ಬಿಟ್ಟು ಓಡಲಿಲ್ಲ. 2005ರಲ್ಲಿ ಪದ್ಮಶ್ರೀ ಬಂದಾಗ ನನಗೆ ಆ ಕ್ಲಾಸೇ ನೆನಪಾಯಿತು. ಕ್ಷಮೆ ಕೈಲಾಗದವರ ಮಾತು ಅನ್ನುವವರ ಜೊತೆ ಇವತ್ತಿಗೂ ನಾನು ಜಗಳಕ್ಕೆ ನಿಲ್ಲುವುದು ಇದಕ್ಕೇ.

ಮೆಣಸಿನ ದುಡ್ಡು ಅರ್ಧ ಬಂತು, ಇನ್ನರ್ಧ ಬರಲಿಲ್ಲ. ಅಕ್ಕನ ಮದುವೆಗೆ ಅಪ್ಪ ಅವರನ್ನೂ ಕರೆದರು. ಪಕ್ಕದಲ್ಲೇ ಕೂರಿಸಿಕೊಂಡು ಊಟ ಹಾಕಿಸಿದರು. ಮೆಣಸು ಮಾತ್ರ ಮತ್ತೆ ಅವರಿಗೆ ಕೊಡಲಿಲ್ಲ.