ಗ್ಯಾಂಜಸ್‌ನ ಹಳೆ ಸಾಮಾನಿನ ಅಂಗಡಿ

ಕೆನಡಾದ ಪಶ್ಚಿಮ ತೀರದಲ್ಲಿ ಪುಟ್ಟ ಪುಟ್ಟ ದ್ವೀಪಗಳ ಒಂದು ಗುಂಪೇ ಇದೆ. ಅದರಲ್ಲಿ ಸಾಲ್ಟ್ ಸ್ಪ್ರಿಂಗ್ ಸ್ವಲ್ಪ ದೊಡ್ಡದು. ವಿಕ್ಟೋರಿಯಾ ಹತ್ತಿರದ ಸ್ವಾರ್ಟ್ಜ್ ಬೇ ಬಂದರಿನಲ್ಲಿ ಕಾರು ಸಮೇತ ಫೆರಿ ಹತ್ತಿದರೆ 35 ನಿಮಿಷದ ದಾರಿ. ಶನಿವಾರದ ಸಂತೆಗೆ ಅಂತ ಊರೆಲ್ಲ ಅಲ್ಲಿಗೆ ಹೋಗುತ್ತದಂತೆ. ನನಗೆ ಜನಜಂಗುಳಿ ಆಗಿಬರುವುದಿಲ್ಲ. ಹಾಗಾಗಿ ಮಗಳು ವಾರದ ನಡುವೆ ಒಂದು ದಿನ ರಜೆ ಹಾಕಿ ಕರೆದುಕೊಂಡು ಹೋದಳು.

ಫೆರಿಯಲ್ಲಿ ತಲೆ ನರೆತವರೇ ಜಾಸ್ತಿ. ಈ ದ್ವೀಪ ಸೇರಿರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 65 ದಾಟಿದ ನಿವಾಸಿಗಳಿಗೆ ಸೋಮವಾರದಿಂದ ಗುರುವಾರದವರೆಗೆ ಫೆರಿ ಟಿಕೆಟ್ ಇಲ್ಲ, ಕಾರಿಗೆ ಮಾತ್ರ ದುಡ್ಡು. ನಮ್ಮ ಪಕ್ಕ ಕೂತಿದ್ದ ಹಿರಿಯರೊಬ್ಬರು ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ವಾಪಸ್ ಹೊರಟಿದ್ದರು. ಕಣ್ಣಿಗೆ ಕಪ್ಪು ಕನ್ನಡಕ, ಕೈಯಲ್ಲಿ ಒಂದು ಫಾರ್ಮ್. ದ್ವೀಪದಲ್ಲಿ ಸಿಗದ ಚಿಕಿತ್ಸೆಗೆ ಹೋಗುವುದಾದರೆ ಡಾಕ್ಟರ ಸಹಿ ಇರುವ ಆ ಫಾರ್ಮ್ ತೋರಿಸಿದರೆ ಫೆರಿ ಖರ್ಚು ಸರ್ಕಾರದ್ದು. "ಹಣದ್ದು ಸಮಸ್ಯೆಯಲ್ಲ, ಗಾಳಿಯದ್ದು" ಅಂದರು. ಚಳಿಗಾಲದಲ್ಲಿ ಬಿರುಗಾಳಿ ಎದ್ದರೆ ಫೆರಿ ನಿಲ್ಲುತ್ತದೆ. ಆವತ್ತು ಆಸ್ಪತ್ರೆ ಆಚೆ ದಡದಲ್ಲಿದ್ದರೆ ಮುಗಿಯಿತು.

ಇದು ನನಗೆ ಬಿಡಿಸಿ ಹೇಳಬೇಕಾದ ವಿಷಯವಲ್ಲ. ನಮ್ಮ ಚಿಕ್ಕಮ್ಮನನ್ನು ಕೊಟ್ಟಿದ್ದು ಶರಾವತಿ ಹಿನ್ನೀರಿನಾಚೆ, ತುಮರಿ ಕಡೆಗೆ. ಸಂಜೆ ಲಾಂಚ್ ನಿಂತ ಮೇಲೆ ಯಾರಿಗಾದರೂ ಎದೆನೋವು ಬಂದರೆ ಬೆಳಗಾಗುವವರೆಗೆ ದೇವರೇ ಗತಿ. ಅಲ್ಲಿಗೆ 2025ರ ಜುಲೈನಲ್ಲಿ ಸೇತುವೆ ಬಂತು. ಸಾಲ್ಟ್ ಸ್ಪ್ರಿಂಗ್‌ಗೆ ಇವತ್ತಿಗೂ ಸೇತುವೆ ಇಲ್ಲ. 2021ರ ಜನಗಣತಿಯಲ್ಲಿ ಅಲ್ಲಿದ್ದವರು 11,600ಕ್ಕೂ ಸ್ವಲ್ಪ ಹೆಚ್ಚು. ಅವರಲ್ಲಿ ನಿವೃತ್ತರದೇ ದೊಡ್ಡ ಪಾಲು.

ದ್ವೀಪದ ಫುಲ್‌ಫೋರ್ಡ್ ಬಂದರಿನಲ್ಲಿ ಇಳಿದರೆ ರಸ್ತೆ ಪಕ್ಕದಲ್ಲಿ ತೋಟದವರ ಸಣ್ಣ ಸಣ್ಣ ಗೂಡುಗಳು. ಮೊಟ್ಟೆ, ಸೊಪ್ಪು, ಹೂವು ಇಟ್ಟಿರುತ್ತಾರೆ, ಮಾರುವವರು ಇರುವುದಿಲ್ಲ. ಡಬ್ಬಿಗೆ ದುಡ್ಡು ಹಾಕಿ ಬೇಕಾದ್ದು ತಗೊಂಡು ಹೋಗುವುದು. ಮುಖ್ಯ ಊರಿನ ಹೆಸರು ಗ್ಯಾಂಜಸ್. ಹೌದು, ನಮ್ಮ ಗಂಗೆಯೇ. ಬ್ರಿಟಿಷ್ ನೌಕಾಪಡೆಯ ‘ಗ್ಯಾಂಜಸ್’ ಹಡಗು 1821ರಲ್ಲಿ ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ್ದು. ಮುಂದೆ ಅದು ಈ ಸಮುದ್ರದಲ್ಲಿ ಓಡಾಡಿಕೊಂಡಿತ್ತು, ಅದರ ಹೆಸರೇ ಬಂದರಿಗೂ ಬಂತು.

ಊರಿನ ಆಸ್ಪತ್ರೆಯ ಬೋರ್ಡ್ ನೋಡಿದಾಗ ಇನ್ನೂ ಆಶ್ಚರ್ಯವಾಯಿತು. ಲೇಡಿ ಮಿಂಟೋ ಆಸ್ಪತ್ರೆ! ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ ಯಾರಿಗೆ ಗೊತ್ತಿಲ್ಲ ಹೇಳಿ. ನಮ್ಮಪ್ಪನ ಪೊರೆ ತೆಗೆಸಿದ್ದು ಅಲ್ಲಿಯೇ. ಲಾರ್ಡ್ ಮಿಂಟೋ ಮೊದಲು ಕೆನಡಾದ ಗವರ್ನರ್ ಜನರಲ್ ಆಗಿದ್ದ, 1905ರಲ್ಲಿ ಭಾರತಕ್ಕೆ ವೈಸರಾಯ್ ಆಗಿ ಬಂದ. ನಮ್ಮ ಆಸ್ಪತ್ರೆಗೆ ಅವನ ಹೆಸರು. ಅವನ ಹೆಂಡತಿ ಕೆನಡಾದಲ್ಲಿದ್ದಾಗ ದೂರದ ಊರುಗಳಲ್ಲಿ ಚಿಕ್ಕ ಆಸ್ಪತ್ರೆ ಕಟ್ಟಿಸಲು ನಿಧಿ ಶುರು ಮಾಡಿದ್ದಳು. ಹಾಗಾಗಿ 1914ರಲ್ಲಿ ತೆರೆದ ಈ ದ್ವೀಪದ ಆಸ್ಪತ್ರೆಗೆ ಅವಳ ಹೆಸರು. ಈಗಿನ ಕಟ್ಟಡ ಆಮೇಲಿನದ್ದು. ಅದರಲ್ಲೇ ವಯಸ್ಸಾದವರ ಆರೈಕೆಗೆ ಪ್ರತ್ಯೇಕ ವಿಭಾಗವಿದೆ, 30ರ ಆಸುಪಾಸು ಹಾಸಿಗೆ.

ನಾನು ಹೇಳಹೊರಟಿದ್ದು ಆಸ್ಪತ್ರೆಯ ಬೆನ್ನಿಗೆ ನಿಂತಿರುವ ಅಂಗಡಿಯ ವಿಷಯ. ಆಸ್ಪತ್ರೆಯ ಆಕ್ಸಿಲರಿ ಸೊಸೈಟಿ ಅಂತ ಒಂದು ಸಂಘವಿದೆ. ಅದರ ಸ್ವಯಂಸೇವಕರು ಗ್ಯಾಂಜಸ್‌ನಲ್ಲಿ ಹಳೆ ಸಾಮಾನಿನ ಅಂಗಡಿ ನಡೆಸುತ್ತಾರೆ. ಜನ ಬೇಡವಾದ ಬಟ್ಟೆ, ಪಾತ್ರೆ, ಪುಸ್ತಕ ತಂದು ಕೊಡುತ್ತಾರೆ. ಮಾರಿ ಬಂದ ಹಣ ಆಸ್ಪತ್ರೆಗೆ, ಅಲ್ಲಿರುವ ಹಿರಿಯರ ಆರೈಕೆಗೆ. ನಾವು ಸುಮ್ನೆ ಒಳಗೆ ಹೋದವರು ಬಹಳ ಹೊತ್ತು ಅಲ್ಲೇ ಉಳಿದೆವು.

ಒಳಗಿನ ಉದ್ದದ ಮೇಜಿನ ಹತ್ತಿರ ಕೆಲಸ ಮಾಡುತ್ತಿದ್ದವರೆಲ್ಲ ನನಗಿಂತ ದೊಡ್ಡವರು. ಒಬ್ಬ ಅಜ್ಜಿ, ಬೆರಳುಗಳ ಗೆಣ್ಣು ಊದಿಕೊಂಡಿವೆ, ಒಂದೊಂದು ಕೋಟಿನ ಜೇಬಿಗೂ ಕೈ ಹಾಕಿ ನೋಡುತ್ತಿದ್ದರು. ಜಿಪ್ ಎರಡು ಸಲ ಎಳೆಯುವರು. ಕಂಕುಳ ಹೊಲಿಗೆಯನ್ನು ಬೆಳಕಿಗೆ ಹಿಡಿಯುವರು. ಗುಂಡಿ ಬಿದ್ದಿದ್ದರೆ ಡಬ್ಬಿಯಿಂದ ಹೊಂದುವಂಥದ್ದು ಹುಡುಕಿ ಹಚ್ಚಲಿಕ್ಕೆ ಬದಿಗಿಡುವರು. ಅವರ ಪಕ್ಕ ಒಬ್ಬರು ಟೇಬಲ್ ಲ್ಯಾಂಪ್‌ಗಳನ್ನು ಪ್ಲಗ್ಗಿಗೆ ಹಾಕಿ ಹಾಕಿ ಪರೀಕ್ಷಿಸುತ್ತಿದ್ದರು. ಯಾರೂ ಅವಸರ ಮಾಡುತ್ತಿರಲಿಲ್ಲ, ಯಾರ ಕೈಯೂ ಖಾಲಿ ಇರಲಿಲ್ಲ.

ಸರ್ಕಾರ ನೋಡಿಕೊಳ್ಳುವುದಿಲ್ಲವಾ ಅಂತ ಆ ಅಜ್ಜಿಯನ್ನು ಕೇಳಿದೆ. ನೋಡಿಕೊಳ್ಳುತ್ತದೆ. ಈ ಪ್ರಾಂತ್ಯದಲ್ಲಿ ಸರ್ಕಾರದ ನೆರವಿನ ಆರೈಕೆ ಮನೆಗಳಲ್ಲಿ ಇರುವವರು ತೆರಿಗೆ ಕಳೆದು ಉಳಿದ ಆದಾಯದಲ್ಲಿ ಶೇಕಡ 80ರವರೆಗೆ ಕೊಡಬೇಕು, ಅದಕ್ಕೊಂದು ಮಿತಿಯೂ ಇದೆ. ಉಳಿದದ್ದನ್ನು ಆರೋಗ್ಯ ಇಲಾಖೆ ತುಂಬುತ್ತದೆ. ಊಟ, ನರ್ಸು, ಔಷಧಿಗೆ ತೊಂದರೆ ಇಲ್ಲ. ಆದರೆ ಮಂಚದಿಂದ ಎತ್ತಿ ಕೂರಿಸುವ ಒಳ್ಳೆಯ ಯಂತ್ರ, ಬೆನ್ನು ಹುಣ್ಣಾಗದಂಥ ಹಾಸಿಗೆ, ಇವಕ್ಕೆ ಇಲಾಖೆಯ ಸರದಿ ಬರುವವರೆಗೆ ಕಾಯುತ್ತಾ ಕೂತರೆ ಆಗುವುದಿಲ್ಲ. ಅಂಗಡಿಯ ಹಣ ಕೆಲಸಕ್ಕೆ ಬರುವುದು ಅಲ್ಲಿ.

ಅವರು ಇನ್ನೊಂದು ಮಾತು ಹೇಳಿದರು. ಗಂಡ ಕೊನೆಯ ದಿನಗಳಲ್ಲಿ ಅದೇ ಆಸ್ಪತ್ರೆಯಲ್ಲಿದ್ದರಂತೆ. ದಿನಾ ಮಧ್ಯಾಹ್ನ ಇವರು ನಡೆದುಕೊಂಡೇ ಹೋಗಿ ಅವರಿಗೆ ಊಟ ಮಾಡಿಸಿ ಬರುತ್ತಿದ್ದರು. ದ್ವೀಪದಲ್ಲಿ ಹಾಸಿಗೆ ಸಿಗದೆ ಆಚೆ ದಡಕ್ಕೆ ಕಳಿಸಿದ್ದರೆ? "ಒಂದು ತುತ್ತು ಉಣಿಸಲಿಕ್ಕೆ ಎರಡು ಫೆರಿ" ಅಂದರು. ನಾವು ಮನೆಯಲ್ಲಿ ನೋಡಿಕೊಳ್ಳುವವರು, ಅವರು ಬಿಟ್ಟುಬಿಡುವವರು ಅಂತ ನಮ್ಮಲ್ಲಿ ಮಾತಾಡುತ್ತೇವೆ. ಆ ಮಾತು ನನಗೆ ಇನ್ನು ಬಾಯಿಗೆ ಬರುವುದಿಲ್ಲ. ತನ್ನ ಮನೆಯವರು ಹೋದಮೇಲೂ ಬೇರೆಯವರ ಮನೆಯವರಿಗಾಗಿ ಜಿಪ್ ಎಳೆದು ನೋಡುತ್ತಾ ನಿಂತಿದ್ದಾರಲ್ಲ, ಅದಕ್ಕಿಂತ ದೊಡ್ಡ ಆರೈಕೆ ಯಾವುದು?

ಆದರೂ ಅವರಿಗೊಂದು ಚಿಂತೆ ಇದೆ. ಹಾಸಿಗೆ ಇದ್ದರೆ ಸಾಕೇ, ನೋಡಿಕೊಳ್ಳುವ ನರ್ಸು, ಸಹಾಯಕರು ಬೇಕಲ್ಲ. ಅವರಿಗೆ ದ್ವೀಪದಲ್ಲಿ ಬಾಡಿಗೆ ಮನೆ ಸಿಗುವುದು ಬಹಳ ಕಷ್ಟ. ದ್ವೀಪಗಳ ಕಾಡು, ನೀರು ಉಳಿಯಲಿ ಅಂತ 1974ರಲ್ಲೇ ‘ಐಲೆಂಡ್ಸ್ ಟ್ರಸ್ಟ್’ ಮಾಡಿ ಕಟ್ಟಡಗಳಿಗೆ ಕಡಿವಾಣ ಹಾಕಿದ್ದಾರೆ. ಕಾಡು ಉಳಿದಿದೆ, ಒಳ್ಳೆಯದೇ. ಮನೆಗಳ ಬೆಲೆ ಮಾತ್ರ ಕೈಗೆಟುಕುವುದಿಲ್ಲ. ಕೊನೆಗೆ ಆಸ್ಪತ್ರೆಗೆ ದೇಣಿಗೆ ಕೂಡಿಸುವ ಪ್ರತಿಷ್ಠಾನವೇ ಗ್ಯಾಂಜಸ್‌ನ ಒಂದು ಮೋಟೆಲನ್ನು ಕೊಂಡು ಸಿಬ್ಬಂದಿಗೆ ಮನೆ ಮಾಡಿಕೊಡಲು ಹೊರಟಿತು. ಪ್ರವಾಸಿಗರು ತಂಗುತ್ತಿದ್ದ ಜಾಗ ನರ್ಸುಗಳ ಪಾಲಿಗೆ! ನನಗಂತೂ ಈ ದ್ವೀಪದಲ್ಲಿ ಕೇಳಿದ ಅತ್ಯಂತ ಬುದ್ಧಿವಂತ ಕೆಲಸ ಇದು ಅನ್ನಿಸಿತು.

ಹೊರಡುವಾಗ ಮಗಳು ಒಂದು ಉಣ್ಣೆ ಶಾಲು ಕೊಂಡಳು. ಮನೆಯಲ್ಲಿ ಮಕ್ಕಳಿಗೆ ಚಿಕ್ಕದಾದ ಚಳಿಗಾಲದ ಕೋಟುಗಳು ಇವೆ, ತಂದು ಕೊಡಬಹುದಾ ಅಂತ ಕೇಳಿದಳು. ಧಾರಾಳವಾಗಿ ತನ್ನಿ, ಆದರೆ ತೊಳೆದು ಒಣಗಿಸಿ ತನ್ನಿ ಅಂದರು. ಮುರಿದದ್ದು, ಹರಿದದ್ದು ಬೇಡ. ದ್ವೀಪದಲ್ಲಿ ಕಸ ಹಾಕಲಿಕ್ಕೂ ದುಡ್ಡು ಕೊಡಬೇಕು. ಆ ದುಡ್ಡು ಹೋಗುವುದು ಹಾಸಿಗೆ ಕೊಳ್ಳಲು ಇಟ್ಟ ಹಣದಿಂದಲೇ.